ನಿಯಮಾಗ್ರಹ ಮತ್ತು ಲೌಲ್ಯ: ಯೋಗದ ಹಲವು ಪದ್ಧತಿಗಳ ನಡುವೆ ಒಬ್ಬ ಅಭ್ಯಾಸಿ

ತ್ರಿಕೋನಾಸನ ಎಂಬ ಹೆಸರು ಒಂದೇ. ಅದನ್ನು ಮಾಡುವ ರೀತಿ ಶಾಲೆಯಿಂದ ಶಾಲೆಗೆ ಬೇರೆ. ಮೈಸೂರಿನ ಪಟ್ಟಾಭಿ ಜೋಯಿಸರ ಪದ್ಧತಿಯಲ್ಲಿ ಕಲಿತವರು ಕಾಲುಗಳನ್ನು ಸುಮಾರು 3 ಅಡಿ ಅಗಲಿಸಿ, ಪಕ್ಕಕ್ಕೆ ಬಾಗಿ, ಕೈಬೆರಳುಗಳಿಂದ ಕಾಲಿನ ಹೆಬ್ಬೆರಳನ್ನು ಹಿಡಿದು, ಐದು ಉಸಿರಿನಷ್ಟು ಹೊತ್ತು ನಿಂತು ಮೇಲೇಳುತ್ತಾರೆ. ಪುಣೆಯ ಬಿ.ಕೆ.ಎಸ್. ಅಯ್ಯಂಗಾರ್ ಪದ್ಧತಿಯಲ್ಲಿ ಕಾಲುಗಳ ಅಂತರ ಸ್ವಲ್ಪ ಹೆಚ್ಚು. ಕೈ ನೆಲ ಮುಟ್ಟದಿದ್ದರೆ ಅದರ ಕೆಳಗೆ ಮರದ ಇಟ್ಟಿಗೆಯೊಂದು ಬರುತ್ತದೆ. ಮಂಡಿಚಿಪ್ಪು ಮೇಲಕ್ಕೆ ಎಳೆದಿದೆಯೇ, ಎದೆ ಚಾವಣಿಯತ್ತ ತಿರುಗಿದೆಯೇ ಎಂದು ಒಂದೊಂದನ್ನೇ ನೋಡುತ್ತ ಅರ್ಧ ನಿಮಿಷದಿಂದ ಒಂದು ನಿಮಿಷದವರೆಗೆ ನಿಲ್ಲಬೇಕಾಗುತ್ತದೆ. ಋಷಿಕೇಶದ ಸ್ವಾಮಿ ಶಿವಾನಂದರ ಶಿಷ್ಯಪರಂಪರೆಯ ತರಗತಿಯಲ್ಲಾದರೆ, ಮೇಲೆತ್ತಿದ ಕೈ ಕಿವಿಯ ಮೇಲಿಂದ ಹಾದು ನೆಲಕ್ಕೆ ಸಮಾನಾಂತರವಾಗಿ ಚಾಚಿಕೊಳ್ಳುತ್ತದೆ. ಮೂರೂ ಕಡೆ ಕಲಿಸುವವರು ಅನುಭವಸ್ಥರು, ಮೂರೂ ಕಡೆ ಕಲಿಯುವವರು ಶ್ರದ್ಧಾವಂತರು.

ಯೋಗಕ್ಕೆ ಹೊಸದಾಗಿ ಬಂದವರು ಇದನ್ನು ಕಂಡಾಗ ಕೇಳುವ ಮೊದಲ ಪ್ರಶ್ನೆ, ಇವುಗಳಲ್ಲಿ ಯಾವುದು ಸರಿ ಎಂಬುದು. ಹತ್ತಿಪ್ಪತ್ತು ವರ್ಷ ಒಂದೇ ಪದ್ಧತಿಯಲ್ಲಿ ಬೆಳಗಿನ ಜಾವ ಎದ್ದು ಅಭ್ಯಾಸ ಮಾಡಿದವರ ಬಳಿ ಈ ಪ್ರಶ್ನೆಯನ್ನು ಒಯ್ದರೆ ಎರಡು ಬಗೆಯ ಉತ್ತರ ದೊರೆಯುತ್ತದೆ. ಕೆಲವರು ತಮ್ಮದೇ ಸರಿ, ಉಳಿದುದೆಲ್ಲ ಕೆಟ್ಟು ಹೋದ ರೂಪ ಎನ್ನುತ್ತಾರೆ. ಇನ್ನು ಕೆಲವರು, ಅದರಲ್ಲೂ ಬಹಳ ಕಾಲ ಅಭ್ಯಾಸ ಮಾಡಿದವರು, ಮೂರನ್ನೂ ಕುತೂಹಲದಿಂದ ನೋಡುತ್ತಾರೆ, ಆದರೆ ಮರುದಿನ ಬೆಳಿಗ್ಗೆ ಚಾಪೆ ಹಾಸಿದಾಗ ತಮ್ಮ ಪದ್ಧತಿಯನ್ನೇ ಮಾಡುತ್ತಾರೆ. ಈ ಎರಡನೆಯ ನಿಲುವು ಮೇಲುನೋಟಕ್ಕೆ ವಿಚಿತ್ರವಾಗಿ ಕಾಣುತ್ತದೆ. ಬೇರೆಯದೂ ಸರಿ ಎಂದು ಒಪ್ಪಿದ ಮೇಲೆ ತಮ್ಮದಕ್ಕೇ ಅಂಟಿಕೊಳ್ಳುವುದೇಕೆ, ತಮ್ಮದಕ್ಕೇ ಅಂಟಿಕೊಂಡವರು ಬೇರೆಯದನ್ನು ನಿಜವಾಗಿ ಒಪ್ಪಿದ್ದಾರೆಯೇ ಎಂಬ ಸಂಶಯ ಸಹಜ. ಇವೆರಡೂ ಒಟ್ಟಿಗೆ ಇರಬಲ್ಲವು, ಇರಬೇಕಾದುದೂ ಹಾಗೆಯೇ ಎಂಬುದಕ್ಕೆ ಯೋಗದ ಇತಿಹಾಸದಲ್ಲಿಯೂ ಹಳೆಯ ಗ್ರಂಥಗಳಲ್ಲಿಯೂ ಅಭ್ಯಾಸದ ಸ್ವರೂಪದಲ್ಲಿಯೂ ಕಾರಣಗಳಿವೆ.

ಮೊದಲು ಪದ್ಧತಿ ಎಂದರೇನು ಎಂಬುದನ್ನು ನೋಡಬೇಕು. ಆಸನಗಳ ಪಟ್ಟಿಯಿಂದ ಪದ್ಧತಿ ಹುಟ್ಟುವುದಿಲ್ಲ; ಪಶ್ಚಿಮೋತ್ತಾನಾಸನ, ಸರ್ವಾಂಗಾಸನ, ಶೀರ್ಷಾಸನಗಳು ಬಹುಪಾಲು ಎಲ್ಲ ಕಡೆ ಇವೆ. ಯಾವ ಆಸನ ಯಾವುದರ ನಂತರ ಬರಬೇಕು, ಎಷ್ಟು ಹೊತ್ತು ನಿಲ್ಲಬೇಕು, ಉಸಿರನ್ನು ಹೇಗೆ ಬಿಡಬೇಕು, ದೇಹ ಒಪ್ಪದಿದ್ದಾಗ ಏನು ಮಾಡಬೇಕು, ಶಿಕ್ಷಕ ಮಾತಿನಿಂದ ತಿದ್ದಬೇಕೋ ಕೈಯಿಂದ ತಿದ್ದಬೇಕೋ ಎಂಬ ಪ್ರಶ್ನೆಗಳಿಗೆ ಒಂದು ಪರಂಪರೆ ಕೊಟ್ಟುಕೊಂಡ ಉತ್ತರಗಳ ಒಟ್ಟು ಮೊತ್ತವೇ ಪದ್ಧತಿ. ಪಟ್ಟಾಭಿ ಜೋಯಿಸರ ಅಷ್ಟಾಂಗ ವಿನ್ಯಾಸ ಪದ್ಧತಿಯಲ್ಲಿ ಆಸನಗಳ ಕ್ರಮ ನಿಶ್ಚಿತ. ಮೊದಲ ಸರಣಿಗೆ ಯೋಗ ಚಿಕಿತ್ಸೆ ಎಂದೂ ಎರಡನೆಯದಕ್ಕೆ ನಾಡಿಶೋಧನ ಎಂದೂ ಹೆಸರು. ಒಂದು ಆಸನ ಪಕ್ವವಾಗುವವರೆಗೆ ಮುಂದಿನದನ್ನು ಗುರು ಕೊಡುವುದಿಲ್ಲ. ಪ್ರತಿ ಚಲನೆಗೂ ಒಂದು ಶ್ವಾಸ ಅಥವಾ ನಿಶ್ವಾಸ ಗೊತ್ತಾಗಿದ್ದು, ಸೂರ್ಯನಮಸ್ಕಾರದ ಒಂದು ರೂಪಕ್ಕೆ 9, ಇನ್ನೊಂದಕ್ಕೆ 17 ವಿನ್ಯಾಸಗಳ ಲೆಕ್ಕವಿದೆ. ನಮ್ಮಲ್ಲಿ ಶಾಲೆಗಳಲ್ಲಿಯೂ ರಥಸಪ್ತಮಿಯ ದಿನವೂ ಹನ್ನೆರಡು ಮಂತ್ರಗಳೊಂದಿಗೆ ಮಾಡುವ, ಒಂದು ಕಾಲನ್ನು ಹಿಂದಿಟ್ಟು ಮುಂದುವರಿಯುವ ಸೂರ್ಯನಮಸ್ಕಾರವನ್ನು ಕಲಿತವರಿಗೆ ಈ ಎರಡರಲ್ಲೂ ಎಡವಿದಂತಾಗುತ್ತದೆ.

ಕ್ರಮವನ್ನು ಹೀಗೆ ನಿಶ್ಚಯಿಸಿದ್ದರ ಲಾಭವೇನೆಂದರೆ, ಮುಂದೇನು ಮಾಡಲಿ ಎಂದು ಅಭ್ಯಾಸಿ ಯೋಚಿಸಬೇಕಾಗಿಲ್ಲ. ಬಾಯಿಪಾಠವಾದ ಮಂತ್ರದಂತೆ ದೇಹ ತಾನಾಗಿ ನಡೆಯುತ್ತದೆ ಮತ್ತು ಮನಸ್ಸು ಉಸಿರಿನ ಮೇಲೆ ನಿಲ್ಲಲು ಅವಕಾಶ ಸಿಗುತ್ತದೆ. ಅಯ್ಯಂಗಾರ್ ಪದ್ಧತಿ ಇದೇ ಏಕಾಗ್ರತೆಯನ್ನು ಬೇರೊಂದು ದಾರಿಯಿಂದ ಹಿಡಿಯುತ್ತದೆ. ಅಲ್ಲಿ ದಿನದಿನದ ಪಾಠ ಬದಲಾಗುತ್ತದೆ, ಆದರೆ ಒಂದೊಂದು ಆಸನದಲ್ಲಿಯೂ ಪಾದದ ಹೊರ ಅಂಚಿನಿಂದ ಭುಜದ ಮೂಳೆಯವರೆಗೆ ಎಲ್ಲವನ್ನೂ ಗಮನಿಸುತ್ತ ನಿಲ್ಲಬೇಕು. ಕಂಬಳಿ, ಪಟ್ಟಿ, ಕುರ್ಚಿ, ಗೋಡೆಗೆ ಕಟ್ಟಿದ ಹಗ್ಗ ಇವೆಲ್ಲ ಅಲ್ಲಿ ಸೋಮಾರಿಗಳ ಆಸರೆ ಎಂದು ತಿಳಿದರೆ ತಪ್ಪಾಗುತ್ತದೆ. ಬಗ್ಗದ ದೇಹವೂ ಆಸನದ ಸರಿಯಾದ ರೂಪವನ್ನು ಅನುಭವಿಸುವಂತಾಗಲು, ದುರ್ಬಲ ದೇಹವೂ ಅದರಲ್ಲಿ ಹೆಚ್ಚು ಹೊತ್ತು ಇರುವಂತಾಗಲು ಮಾಡಿಕೊಂಡ ಸಾಧನಗಳು ಅವು. ಶಿವಾನಂದ ಪರಂಪರೆಯ ತರಗತಿ ಕೆಲವೇ ಮೂಲ ಆಸನಗಳನ್ನು ಆರಿಸಿಕೊಂಡು, ಆಸನ ಆಸನಗಳ ನಡುವೆ ಶವಾಸನದ ವಿರಾಮ ಕೊಟ್ಟು, ಪ್ರಾಣಾಯಾಮ, ಜಪ, ಧ್ಯಾನಗಳನ್ನೂ ಅದೇ ಹೊತ್ತಿನಲ್ಲಿ ಸೇರಿಸುತ್ತದೆ. ಶೀರ್ಷಾಸನ ಅಲ್ಲಿ ಆರಂಭದ ಹಂತದಲ್ಲೇ ಬಂದರೆ, ಜೋಯಿಸರ ಸರಣಿಯಲ್ಲಿ ಎಲ್ಲ ಮುಗಿಯುವ ಹೊತ್ತಿಗೆ ಬರುತ್ತದೆ. ಎರಡಕ್ಕೂ ಅವರವರ ತರ್ಕವಿದೆ, ಮತ್ತು ಆ ತರ್ಕ ಅವರ ಉಳಿದ ಕ್ರಮದೊಳಗೆ ಮಾತ್ರ ಅರ್ಥವಾಗುತ್ತದೆ.

ಈ ಭೇದಗಳು ಬಂದುದು ಎಲ್ಲಿಂದ ಎಂದು ಹುಡುಕಿದರೆ, ಕನ್ನಡ ಓದುಗರು ಬಹಳ ದೂರ ಹೋಗಬೇಕಾಗಿಲ್ಲ. ಇಂದು ಜಗತ್ತಿನಲ್ಲಿ ಅತ್ಯಂತ ಹರಡಿರುವ ಮತ್ತು ಒಂದಕ್ಕೊಂದು ಅತ್ಯಂತ ಭಿನ್ನವೆಂದು ತೋರುವ ಹಲವು ಪದ್ಧತಿಗಳ ಬೇರು ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿದೆ. ಚಿತ್ರದುರ್ಗದ ಸೀಮೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1930ರ ದಶಕದಲ್ಲಿ ಅಲ್ಲಿ ಪಾಠ ಹೇಳಿದರು. ಅವರ ಯೋಗ ಮಕರಂದ 1934ರಲ್ಲಿ ಪ್ರಕಟವಾದಾಗ ಅದರ ಭಾಷೆ ಕನ್ನಡ. 1941ರ ಯೋಗಾಸನಗಳು ಎಂಬ ಇನ್ನೊಂದು ಪುಸ್ತಕವೂ ಕನ್ನಡವೇ. ಪಟ್ಟಾಭಿ ಜೋಯಿಸರ ಯೋಗ ಮಾಲ ಕೂಡ 1962ರಲ್ಲಿ ಮೊದಲು ಕನ್ನಡದಲ್ಲಿ ಅಚ್ಚಾಯಿತು. ನ್ಯೂಯಾರ್ಕಿನಲ್ಲೋ ಹೆಲ್ಸಿಂಕಿಯಲ್ಲೋ ಇರುವ ಅಭ್ಯಾಸಿಗಳು ಅನುವಾದದಲ್ಲಿ ಹುಡುಕಿ ಓದುವ ಈ ಪುಸ್ತಕಗಳನ್ನು ಕನ್ನಡಿಗರಲ್ಲಿ ಎಷ್ಟು ಮಂದಿ ಮೂಲದಲ್ಲಿ ನೋಡಿದ್ದಾರೆ ಎಂದು ಕೇಳಿಕೊಂಡರೆ ಸ್ವಲ್ಪ ಮುಜುಗರವಾಗುತ್ತದೆ.

ಆ ಶಾಲೆಯಲ್ಲಿ ಕಲಿತವರನ್ನು ನೋಡಿ. ಹಾಸನದ ಬಳಿಯ ಕೌಶಿಕ ಗ್ರಾಮದ ಪಟ್ಟಾಭಿ ಜೋಯಿಸರು 1927ರಲ್ಲಿ, ಹನ್ನೆರಡರ ಹುಡುಗನಾಗಿದ್ದಾಗ, ಹಾಸನದಲ್ಲಿ ಕೃಷ್ಣಮಾಚಾರ್ಯರ ಪ್ರದರ್ಶನ ಕಂಡು ಅವರ ಹಿಂದೆ ಬಿದ್ದವರು. ಗಟ್ಟಿಮುಟ್ಟಾದ ದೇಹ, ಸಂಸ್ಕೃತ ಪಾಠಶಾಲೆಯ ಶಿಸ್ತು, ಗುರು ಹೇಳಿದುದನ್ನು ಅಕ್ಷರ ತಪ್ಪದೆ ಉಳಿಸಿಕೊಳ್ಳುವ ಸ್ವಭಾವ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಅಯ್ಯಂಗಾರರು ಮಲೇರಿಯಾ, ಟೈಫಾಯ್ಡ್, ಕ್ಷಯಗಳಿಂದ ಬಳಲಿದ ಕೃಶ ಬಾಲಕ. ಅಕ್ಕನ ಗಂಡನಾದ ಕೃಷ್ಣಮಾಚಾರ್ಯರ ಮನೆಗೆ 1934ರಲ್ಲಿ ಬಂದರು. 1937ರಲ್ಲಿ ಅವರನ್ನು ಪುಣೆಗೆ ಕಳುಹಿಸಿದಾಗ, ತನಗಿಂತ ಗಟ್ಟಿಯಾದ ಕಾಲೇಜು ಹುಡುಗರಿಗೆ ಕಲಿಸುವ ಹೊಣೆ ಹದಿಹರೆಯದ ಆ ಶಿಕ್ಷಕನ ಮೇಲೆ ಬಿತ್ತು, ಗುರು ಹತ್ತಿರವಿರಲಿಲ್ಲ. ಗಂಟೆಗಟ್ಟಲೆ ಒಬ್ಬರೇ ಅಭ್ಯಾಸ ಮಾಡುತ್ತ, ತನ್ನ ದೇಹವನ್ನೇ ಪ್ರಯೋಗಶಾಲೆ ಮಾಡಿಕೊಂಡು, ಯಾವ ಚಲನೆಗೆ ಎಲ್ಲಿ ನೋವು, ಎಲ್ಲಿ ನೆಮ್ಮದಿ ಎಂದು ಕಂಡುಕೊಂಡದ್ದರಿಂದಲೇ ಅವರ ಪದ್ಧತಿಗೆ ಸೂಕ್ಷ್ಮ ವಿವರದ ಚಾಳಿ ಬಂತು ಎಂದು ಭಾವಿಸಲು ಅವಕಾಶವಿದೆ. ಅದೇ 1937ರ ಸುಮಾರಿಗೆ ಶಾಲೆಗೆ ಬಂದ ಇಂದ್ರಾ ದೇವಿ ರೀಗಾ ನಗರದಲ್ಲಿ ಹುಟ್ಟಿದ ಯುರೋಪಿನ ಮಹಿಳೆ. ಆಗ ಆಕೆಗೆ ನಲವತ್ತರ ಹತ್ತಿರ ವಯಸ್ಸು. ಹೆಂಗಸಿಗೂ ವಿದೇಶೀಯರಿಗೂ ಕಲಿಸಲು ಮೊದಲು ಒಪ್ಪದ ಕೃಷ್ಣಮಾಚಾರ್ಯರು ಮಹಾರಾಜರ ಮಾತಿನ ಮೇಲೆ ಒಪ್ಪಿಕೊಂಡರು. ಆಕೆ ಮುಂದೆ ಶಾಂಘೈ, ಹಾಲಿವುಡ್‌ಗಳಲ್ಲಿ ಕಲಿಸಿದ್ದು ಜಿಗಿತಗಳಿಲ್ಲದ ಸೌಮ್ಯ ಅಭ್ಯಾಸವನ್ನು.

ಇನ್ನು ಗುರುಗಳ ಮಗ ಟಿ.ಕೆ.ವಿ. ದೇಶಿಕಾಚಾರರು. ಇವರು 1938ರಲ್ಲಿ ಮೈಸೂರಿನಲ್ಲಿ ಹುಟ್ಟಿದರೂ ಯೋಗವನ್ನು ಗಂಭೀರವಾಗಿ ಕಲಿತದ್ದು ಚೆನ್ನೈಯಲ್ಲಿ, ಇಂಜಿನಿಯರಿಂಗ್ ಮುಗಿಸಿದ ಮೇಲೆ. ಆ ಹೊತ್ತಿಗೆ ಮೈಸೂರಿನ ಯೋಗಶಾಲೆ ಮುಚ್ಚಿತ್ತು, ಅರಸರ ಮಕ್ಕಳು ಎದುರಿಗಿರಲಿಲ್ಲ. ಚೆನ್ನೈಯಲ್ಲಿ ಕೃಷ್ಣಮಾಚಾರ್ಯರ ಬಳಿ ಬರುತ್ತಿದ್ದವರು ಬೆನ್ನುನೋವಿನವರು, ರೋಗಿಗಳು, ವಯಸ್ಸಾದವರು. ಅವರಿಗೆ ಒಬ್ಬೊಬ್ಬರಿಗೇ ಬೇರೆ ಬೇರೆ ಪಾಠ. ಮಗ ಕಂಡದ್ದು ಈ ಕೃಷ್ಣಮಾಚಾರ್ಯರನ್ನು. ವಿನಿಯೋಗ ಎಂಬ ಹೆಸರಿನಲ್ಲಿ ಅವರು ಹರಡಿದ ಕ್ರಮದಲ್ಲಿ ಆಸನ ವ್ಯಕ್ತಿಗೆ ಹೊಂದಿಕೊಳ್ಳುತ್ತದೆ. ಮೊಣಕಾಲು ಮಡಿಸಬೇಕಾದರೆ ಮಡಿಸಬಹುದು, ಹೊರರೂಪ ಮುಖ್ಯವಲ್ಲ.

ಇದನ್ನು ಇಷ್ಟು ವಿಸ್ತಾರವಾಗಿ ಹೇಳಲು ಕಾರಣವಿದೆ. ಒಬ್ಬನೇ ಗುರು ಹುಡುಗರ ಗುಂಪಿಗೆ, ಅದರಲ್ಲೂ ಊರೂರಿನ ಪ್ರದರ್ಶನಗಳಿಗೆ ಸಿದ್ಧವಾಗಬೇಕಾದವರಿಗೆ, ವೇಗವಾದ ಸರಣಿಗಳನ್ನು ಕಲಿಸಿದರು. ಮಧ್ಯವಯಸ್ಸಿನ ಮಹಿಳೆಗೆ ಬೇರೆ ರೀತಿ, ರೋಗಿಗೆ ಮತ್ತೊಂದು ರೀತಿ ಕಲಿಸಿದರು. ಶಿಷ್ಯರು ತಮಗೆ ದೊರೆತುದನ್ನು ಪ್ರಾಮಾಣಿಕವಾಗಿ ಮುಂದಕ್ಕೆ ಒಯ್ದರು. ಶಿಷ್ಯರ ಶಿಷ್ಯರ ಕಾಲಕ್ಕೆ ಅವು ಬೇರೆ ಬೇರೆ ಪದ್ಧತಿಗಳಾಗಿ, ಹೆಸರು, ಪ್ರಮಾಣಪತ್ರ, ಶಾಖೆಗಳನ್ನು ಪಡೆದು, ಒಂದನ್ನೊಂದು ಅನುಮಾನದಿಂದ ನೋಡತೊಡಗಿದವು. ಅಯ್ಯಂಗಾರರೇ ತಮ್ಮ ಹೆಸರಿನ ಯೋಗ ಎಂಬ ಮಾತನ್ನು ಇಷ್ಟಪಡುತ್ತಿರಲಿಲ್ಲ. ತಾವು ಕಲಿಸುವುದು ಪತಂಜಲಿಯ ಅಷ್ಟಾಂಗ ಯೋಗ ಎನ್ನುತ್ತಿದ್ದರು. ಜೋಯಿಸರೂ ತಮ್ಮದನ್ನು ಅಷ್ಟಾಂಗ ಯೋಗ ಎಂದೇ ಕರೆದರು. ಇಬ್ಬರ ಬಾಯಲ್ಲೂ ಒಂದೇ ಹೆಸರು, ಇಬ್ಬರ ಚಾಪೆಯ ಮೇಲೂ ಬೇರೆ ಬೇರೆ ನೋಟ.

ಕವಲೊಡೆಯುವುದು ಮೈಸೂರಿಗೆ ಸೀಮಿತವಾದ ಸಂಗತಿಯಲ್ಲ. ವೃತ್ತಿಯಿಂದ ವೈದ್ಯರಾಗಿದ್ದ ಸ್ವಾಮಿ ಶಿವಾನಂದರ ಶಿಷ್ಯರಲ್ಲಿ ವಿಷ್ಣುದೇವಾನಂದರು ಒಂದು ರೀತಿಯ ತರಗತಿಯನ್ನು ಕಟ್ಟಿದರೆ, ಸತ್ಯಾನಂದರು ಬಿಹಾರದ ಮುಂಗೇರಿನಲ್ಲಿ ಕೀಲುಗಳ ಸಣ್ಣ ಸಣ್ಣ ಚಲನೆಗಳಿಂದ ಆರಂಭವಾಗುವ ಪವನಮುಕ್ತಾಸನ ಸರಣಿಯನ್ನೂ ಮಲಗಿಕೊಂಡು ಮಾಡುವ ಆಳವಾದ ವಿಶ್ರಾಂತಿಯ ಅಭ್ಯಾಸವಾದ ಯೋಗನಿದ್ರೆಯನ್ನೂ ಬೆಳೆಸಿದರು. ಕರ್ನಾಟಕದ ಹಳ್ಳಿ ಪಟ್ಟಣಗಳಲ್ಲಿ ಯೋಗ ಕಲಿತ ಹಿರಿಯ ತಲೆಮಾರಿನ ಅನೇಕರಿಗೆ ಮೈಸೂರಾಗಲಿ ಋಷಿಕೇಶವಾಗಲಿ ಗೊತ್ತೇ ಇರಲಿಲ್ಲ. ಅವರು ಕಲಿತದ್ದು ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿಯವರ ಶಿಬಿರಗಳಲ್ಲಿ.

ಹಾಗಾದರೆ ಹಳೆಯ ಗ್ರಂಥಗಳನ್ನು ತೆರೆದು ಯಾವುದು ಸರಿ ಎಂದು ತೀರ್ಮಾನಿಸಬಹುದಲ್ಲ ಎಂದು ಕೆಲವರು ಹೇಳುತ್ತಾರೆ. ತೆರೆದವರಿಗೆ ಆಶ್ಚರ್ಯವಾಗುತ್ತದೆ. ಪತಂಜಲಿಯ ಸೂತ್ರಗಳಲ್ಲಿ ಆಸನದ ಬಗ್ಗೆ ಇರುವುದು ಕೇವಲ ಮೂರು ಸೂತ್ರ. ಅವುಗಳಲ್ಲಿ ಮೊದಲನೆಯದಾದ "ಸ್ಥಿರಸುಖಮಾಸನಮ್" ಎಂಬುದು ಸ್ಥಿರವೂ ಸುಖಕರವೂ ಆಗಿರಲಿ ಎನ್ನುತ್ತದೆಯೇ ಹೊರತು ಒಂದು ಆಸನದ ಹೆಸರನ್ನೂ ಹೇಳುವುದಿಲ್ಲ. ಸ್ವಾತ್ಮಾರಾಮನ ಹಠಯೋಗ ಪ್ರದೀಪಿಕೆ ವಿವರಿಸುವುದು 15 ಆಸನಗಳನ್ನು, ಘೇರಂಡ ಸಂಹಿತೆ 32ನ್ನು. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ 122 ಆಸನಗಳ ಚಿತ್ರಗಳಿವೆ, ಹಗ್ಗ ಹಿಡಿದು ಮಾಡುವವೂ ಅವುಗಳಲ್ಲಿ ಸೇರಿವೆ. ನಿಂತು ಮಾಡುವ ಆಸನಗಳು ಪ್ರದೀಪಿಕೆಯಲ್ಲಿ ಇಲ್ಲವೇ ಇಲ್ಲ, ಹೀಗಾಗಿ ತ್ರಿಕೋನಾಸನದಲ್ಲಿ ಕಾಲು 3 ಅಡಿ ಅಗಲವಿರಬೇಕೋ ಮೂರೂವರೆಯೋ ಎಂಬ ವಾದವನ್ನು ಅದರ ಮುಂದೆ ಇಡುವುದೇ ವ್ಯರ್ಥ. ಗ್ರಂಥಪ್ರಮಾಣದಿಂದ ಒಂದು ಪದ್ಧತಿಯನ್ನು ಎತ್ತಿಹಿಡಿದು ಇನ್ನೊಂದನ್ನು ತಳ್ಳಿಹಾಕುವ ದಾರಿ ಇಲ್ಲಿಗೆ ಮುಚ್ಚಿಹೋಗುತ್ತದೆ.

ಆದರೆ ಅದೇ ಪ್ರದೀಪಿಕೆ, ಅಭ್ಯಾಸಿಯ ಮನೋಭಾವ ಹೇಗಿರಬೇಕು ಎಂಬ ಪ್ರಶ್ನೆಗೆ ಉತ್ತರ ಕೊಡುತ್ತದೆ. ಮೊದಲ ಉಪದೇಶದ, ಎಂದರೆ ಮೊದಲ ಅಧ್ಯಾಯದ, 15ನೆಯ ಶ್ಲೋಕ ಯೋಗವನ್ನು ಕೆಡಿಸುವ ಆರು ಸಂಗತಿಗಳನ್ನು ಎಣಿಸುತ್ತದೆ: ಅತ್ಯಾಹಾರ, ಪ್ರಯಾಸ, ಪ್ರಜಲ್ಪ, ನಿಯಮಾಗ್ರಹ, ಜನಸಂಗ, ಲೌಲ್ಯ. ಇವುಗಳಲ್ಲಿ ನಾಲ್ಕನೆಯದನ್ನೂ ಆರನೆಯದನ್ನೂ ಜೊತೆಯಾಗಿ ಓದಿದರೆ ನಮ್ಮ ವಿಷಯ ಬಹುಮಟ್ಟಿಗೆ ತಿಳಿಯಾಗುತ್ತದೆ. ನಿಯಮಾಗ್ರಹವೆಂದರೆ ನಿಯಮವನ್ನು ಹಟ ಹಿಡಿದು ಅಪ್ಪಿಕೊಳ್ಳುವುದು. ಜ್ಯೋತ್ಸ್ನಾ ಎಂಬ ವ್ಯಾಖ್ಯಾನವು ಇದಕ್ಕೆ ತಣ್ಣೀರಿನ ಪ್ರಾತಃಸ್ನಾನ, ರಾತ್ರಿ ಮಾತ್ರ ಊಟ, ಹಣ್ಣನ್ನಷ್ಟೇ ತಿನ್ನುವುದು ಇಂಥವುಗಳ ಉದಾಹರಣೆ ಕೊಡುತ್ತದೆ. ಒಳ್ಳೆಯ ನಿಯಮವೇ ಆದರೂ ದೇಹಕ್ಕೆ ಒಗ್ಗದಿದ್ದಾಗ ಬಿಡದೆ ಹಿಡಿಯುವುದು ಯೋಗಕ್ಕೆ ಕೇಡು ಎಂಬುದು ಅಭಿಪ್ರಾಯ. ಲೌಲ್ಯವೆಂದರೆ ಚಾಂಚಲ್ಯ, ಒಂದರ ಮೇಲೆ ನಿಲ್ಲದೆ ಇನ್ನೊಂದಕ್ಕೆ ಹಾತೊರೆಯುವುದು. ಹಟ ಹಿಡಿಯುವವನೂ ಹಾರಾಡುವವನೂ ಒಂದೇ ಪಟ್ಟಿಯಲ್ಲಿ ಸಿಕ್ಕಿಬಿದ್ದಿದ್ದಾರೆ. ಸಂಸ್ಕೃತ ಬಲ್ಲವರು ಇನ್ನೊಂದು ಸ್ವಾರಸ್ಯವನ್ನೂ ಗಮನಿಸಬಹುದು: ನಿಯಮಾಗ್ರಹ ಎಂಬ ಪದವನ್ನು ನಿಯಮ ಮತ್ತು ಆಗ್ರಹ ಎಂದು ಬಿಡಿಸಿದರೆ ಹಟ ಎಂದಾಗುತ್ತದೆ, ನಿಯಮ ಮತ್ತು ಅಗ್ರಹ ಎಂದು ಬಿಡಿಸಿದರೆ ನಿಯಮವನ್ನು ಸ್ವೀಕರಿಸದಿರುವುದು ಎಂದಾಗುತ್ತದೆ, ಸವರ್ಣದೀರ್ಘ ಸಂಧಿ ಎರಡಕ್ಕೂ ಎಡೆ ಕೊಡುತ್ತದೆ. ಮರುಶ್ಲೋಕದಲ್ಲಿ ಯೋಗವನ್ನು ಬೆಳೆಸುವ ಆರರ ಪಟ್ಟಿ ಬರುತ್ತದೆ, ಅದರಲ್ಲಿ ನಿಶ್ಚಯವೂ ಒಂದು.

ಇದರ ಬೆಳಕಿನಲ್ಲಿ ಮುಕ್ತ ಮನಸ್ಸು ಎಂಬ ಮಾತನ್ನು ಸ್ವಲ್ಪ ಶೋಧಿಸಬೇಕಾಗುತ್ತದೆ. ಇಂದಿನ ಬೆಂಗಳೂರಿನಲ್ಲಿ ಒಂದೇ ವಾರದಲ್ಲಿ ಸೋಮವಾರ ವಿನ್ಯಾಸ, ಬುಧವಾರ ಬಿಸಿಕೋಣೆಯ ಯೋಗ, ಶುಕ್ರವಾರ ಯೋಗನಿದ್ರೆ ಎಂದು ಮೂರು ಕಡೆ ಹೋಗಿಬರುವುದು ಕಷ್ಟವಲ್ಲ. ಇದನ್ನೇ ಮುಕ್ತತೆ ಎಂದು ಭಾವಿಸುವವರೂ ಇದ್ದಾರೆ. ನನ್ನ ದೃಷ್ಟಿಯಲ್ಲಿ ಇದು ಲೌಲ್ಯಕ್ಕೆ ಹತ್ತಿರ. ಎಲ್ಲವನ್ನೂ ರುಚಿ ನೋಡಿದವರಿಗೆ ಯಾವ ಪದ್ಧತಿಯೂ ಕಷ್ಟದ ಹಂತದಲ್ಲಿ ಏನು ಕೊಡುತ್ತದೆ ಎಂಬುದು ತಿಳಿಯುವುದಿಲ್ಲ, ಏಕೆಂದರೆ ಕಷ್ಟ ಬಂದೊಡನೆ ಅವರು ಬೇರೆ ಕಡೆ ಇರುತ್ತಾರೆ. ಅಭ್ಯಾಸ ಗಟ್ಟಿನೆಲವಾಗುವುದು ದೀರ್ಘಕಾಲ, ಎಡೆಬಿಡದೆ, ಆದರದಿಂದ ಸೇವಿಸಿದಾಗ ಎಂದು ಪತಂಜಲಿ ಹೇಳುವುದು ಈ ಅರ್ಥದಲ್ಲಿಯೇ.

ಇದಕ್ಕೆ ತೀರಾ ಲೌಕಿಕವಾದ ಕಾರಣವೊಂದೂ ಇದೆ. ಆರಂಭದ ಒಂದೆರಡು ವರ್ಷ ದೇಹಕ್ಕೆ ತನ್ನನ್ನು ತಾನು ಅಳೆದುಕೊಳ್ಳಲು ಒಂದು ಸ್ಥಿರ ಗೆರೆ ಬೇಕು. ನಿನ್ನೆ ಮಾಡಿದ ಕ್ರಮವನ್ನೇ ಇಂದೂ ಮಾಡಿದಾಗ, ನಿನ್ನೆ ಹಗುರವಾಗಿದ್ದ ಬೆನ್ನು ಇಂದು ಏಕೆ ಬಿಗಿಯಾಗಿದೆ, ರಾತ್ರಿಯ ಊಟ ತಡವಾದದ್ದರಿಂದಲೋ ನಿದ್ದೆ ಕೆಟ್ಟದ್ದರಿಂದಲೋ ಎಂದು ಗೊತ್ತಾಗುತ್ತದೆ. ದಿನಕ್ಕೊಂದು ಕ್ರಮವಾದರೆ ಈ ಹೋಲಿಕೆ ಅಸಾಧ್ಯ. ಮೇಲಾಗಿ ಪದ್ಧತಿಗಳ ಸೂಚನೆಗಳು ಕೆಲವೆಡೆ ನೇರವಾಗಿ ಪರಸ್ಪರ ವಿರುದ್ಧ. ಜೋಯಿಸರ ಪರಂಪರೆ ಮೊದಲ ದಿನದಿಂದಲೇ ಗಂಟಲಿನಿಂದ ಸಣ್ಣ ಸದ್ದು ಬರುವಂತೆ ಉಸಿರಾಡಲು ಕಲಿಸುತ್ತದೆ. ಅಯ್ಯಂಗಾರ್ ಪರಂಪರೆ ಆಸನದಲ್ಲಿ ಸಹಜವಾಗಿ ಉಸಿರಾಡಿ ಎನ್ನುತ್ತದೆ, ಉಜ್ಜಾಯಿ ಎಂಬ ಗಂಟಲಿನ ಸದ್ದಿನ ಉಸಿರಾಟವನ್ನು ಪ್ರಾಣಾಯಾಮಕ್ಕೆ ಬಿಡುತ್ತದೆ, ಪ್ರಾಣಾಯಾಮವನ್ನು ಆಸನ ನೆಲೆಗೊಂಡ ಮೇಲಷ್ಟೇ ಕಲಿಸುತ್ತದೆ. ಮುಂಗೇರಿನ ಪದ್ಧತಿ ಸರಳ ಪ್ರಾಣಾಯಾಮವನ್ನು ಆರಂಭದಲ್ಲೇ ಕೊಡುತ್ತದೆ. ಹೊಸಬನೊಬ್ಬ ಮೂರನ್ನೂ ಒಂದೇ ತಿಂಗಳಲ್ಲಿ ಕೇಳಿಸಿಕೊಂಡರೆ ಅವನ ಉಸಿರಾಟ ಯಾವುದೂ ಆಗದೆ ನಡುವೆ ಸಿಕ್ಕಿಕೊಳ್ಳುತ್ತದೆ.

ಹಳೆಯ ಅಭ್ಯಾಸಿಯ ಸ್ಥಿತಿ ಬೇರೆ. ಒಂದು ಪದ್ಧತಿ ಮೈಗೂಡಿದ ಮೇಲೆ ಇನ್ನೊಂದನ್ನು ನೋಡಿದಾಗ ಅವನಿಗೆ ಕಾಣುವುದು ಅದು ಯಾವ ಪ್ರಶ್ನೆಗೆ ಉತ್ತರವಾಗಿ ಹುಟ್ಟಿತು ಎಂಬುದು. ಕರ್ನಾಟಕ ಸಂಗೀತದವರು ಪಾಠಾಂತರ ಎನ್ನುವ ಮಾತನ್ನು ಇಲ್ಲಿ ನೆನೆಯಬಹುದು. ತ್ಯಾಗರಾಜರ ಒಂದೇ ಕೃತಿಯನ್ನು ಬೇರೆ ಬೇರೆ ಶಿಷ್ಯಪರಂಪರೆಗಳು ಬೇರೆ ಬೇರೆ ಸಂಗತಿಗಳೊಂದಿಗೆ, ಎಂದರೆ ಒಂದೇ ಸಾಲನ್ನು ಬದಲಿಸಿ ಬದಲಿಸಿ ಹಾಡುವ ರೂಪಗಳೊಂದಿಗೆ, ಹಾಡುತ್ತವೆ, ಸಾಲು ತಾಳದಲ್ಲಿ ಆರಂಭವಾಗುವ ಜಾಗವಾದ ಎಡುಪಿನಲ್ಲಿಯೂ ವ್ಯತ್ಯಾಸವಿರಬಹುದು. ಒಳ್ಳೆಯ ಹಾಡುಗಾರರು ಇನ್ನೊಬ್ಬರ ಪಾಠಾಂತರವನ್ನು ಕಿವಿಗೊಟ್ಟು ಕೇಳುತ್ತಾರೆ, ಮೆಚ್ಚುತ್ತಾರೆ, ಒಂದು ಸಂಗತಿಯ ಅಂದದಿಂದ ತಮ್ಮ ರಾಗಭಾವವನ್ನು ತಿದ್ದಿಕೊಳ್ಳಲೂಬಹುದು. ಆದರೆ ಕಛೇರಿಯಲ್ಲಿ ಪಲ್ಲವಿಯನ್ನು ಒಂದು ಪಾಠಾಂತರದಿಂದಲೂ ಚರಣವನ್ನು ಇನ್ನೊಂದರಿಂದಲೂ ಎತ್ತಿ ಜೋಡಿಸುವುದಿಲ್ಲ. ಪಾಠ ಗಟ್ಟಿಯಾಗದ ವಿದ್ಯಾರ್ಥಿ ಎರಡು ಪಾಠಾಂತರ ಕೇಳಿದರೆ ಗಲಿಬಿಲಿಗೊಳ್ಳುತ್ತಾನೆ. ಪಾಠ ಗಟ್ಟಿಯಾದವನಿಗೆ ಎರಡನೆಯದು ಕೃತಿಯನ್ನೇ ಇನ್ನಷ್ಟು ತೋರಿಸುತ್ತದೆ.

ನಿಷ್ಠಾವಂತ ಅಭ್ಯಾಸಿಗಳನ್ನು ಬೇರೆ ಪದ್ಧತಿಯ ಬಾಗಿಲಿಗೆ ಕರೆದೊಯ್ಯುವುದು ಅನೇಕ ಸಲ ವಿಚಾರವಲ್ಲ, ನೋವು. ಜೋಯಿಸರ ಮೊದಲ ಸರಣಿಯಲ್ಲಿ ಕುಳಿತು ಮುಂದಕ್ಕೆ ಬಾಗುವ ಆಸನಗಳು ಹೆಚ್ಚು. ಅವನ್ನು ವಾರಕ್ಕೆ ಆರು ದಿನ, ವರ್ಷಗಟ್ಟಲೆ, ಅವಸರದಿಂದ ಮಾಡಿದವರಿಗೆ ತೊಡೆಯ ಹಿಂಬದಿಯ ಸ್ನಾಯು ಪೃಷ್ಠದ ಮೂಳೆಗೆ ಕೂಡುವ ಜಾಗದಲ್ಲಿ ನೋವು ಕಾಣಿಸಿಕೊಳ್ಳುವುದುಂಟು. ಅಂಥವರು ಅಯ್ಯಂಗಾರ್ ತರಗತಿಗೆ ಹೋಗಿ ನಿಂತ ಆಸನಗಳಲ್ಲಿ ಕಾಲನ್ನು ಹೇಗೆ ಬಳಸಬೇಕೆಂದು ಕಲಿತು, ಮರಳಿ ತಮ್ಮ ಸರಣಿಗೆ ಬಂದಾಗ ಅದೇ ಪಶ್ಚಿಮೋತ್ತಾನಾಸನ ಬೇರೆಯಾಗಿ ಕಾಣುತ್ತದೆ. ಇದಕ್ಕೆ ವಿರುದ್ಧ ದಿಕ್ಕಿನ ಪ್ರಯಾಣವೂ ಇದೆ: ವರ್ಷಗಳ ಕಾಲ ವಿವರಗಳನ್ನು ಎಣಿಸಿ ಎಣಿಸಿ, ಆಸನವೆಂದರೆ ತಪ್ಪುಗಳ ತಪಾಸಣೆ ಎಂಬಂತಾದವರು, ಎಣಿಕೆಯ ಜೊತೆ ಉಸಿರಿನ ಮೇಲೆ ತೇಲುತ್ತ ಸಾಗುವ ಅಭ್ಯಾಸದಲ್ಲಿ ಮೊದಲ ಬಾರಿಗೆ ತಲೆಯ ಮಾತು ನಿಂತುದನ್ನು ಕಾಣುತ್ತಾರೆ. ವಯಸ್ಸೂ ಹಾಗೆಯೇ. ಮೂವತ್ತರಲ್ಲಿ ಜಿಗಿದು ಹಿಂದೆ ಹೋಗುತ್ತಿದ್ದವರಿಗೆ ಅರವತ್ತರಲ್ಲಿ ಕುರ್ಚಿಯ ಮೇಲಿನ ಸರ್ವಾಂಗಾಸನದ ಬೆಲೆ ಗೊತ್ತಾಗುತ್ತದೆ.

ಕಲಿಯುವವರ ಮುಕ್ತತೆಯನ್ನೂ ಕಲಿಸುವವರ ಶಿಸ್ತನ್ನೂ ಬೇರೆ ಬೇರೆಯಾಗಿ ನೋಡುವುದು ಒಳ್ಳೆಯದು. ಅಯ್ಯಂಗಾರ್ ಪದ್ಧತಿಯಲ್ಲಿ ಪ್ರಮಾಣಪತ್ರ ಪಡೆದ ಶಿಕ್ಷಕರು ತಮ್ಮ ತರಗತಿಯಲ್ಲಿ ಬೇರೆ ಪದ್ಧತಿಗಳನ್ನು ಬೆರೆಸುವಂತಿಲ್ಲ ಎಂಬ ನಿಯಮವಿದೆ. ಇದನ್ನು ಸಂಕುಚಿತತೆ ಎಂದು ಟೀಕಿಸುವವರು ಬಹಳ. ನನಗೆ ಹಾಗೆನಿಸುವುದಿಲ್ಲ. ಬಾಗಿಲ ಮೇಲೆ ಒಂದು ಹೆಸರು ಹಾಕಿದ ಮೇಲೆ ಒಳಗೆ ಬಂದವರಿಗೆ ಅದೇ ಸಿಗಬೇಕು. ಎರಡು ಪಾಠಗಳನ್ನು ಪೂರ್ತಿ ತಿಳಿಯದೆ ಕಲಸಿದ ಶಿಕ್ಷಕನಿಂದ ವಿದ್ಯಾರ್ಥಿಗೆ ಅಪಾಯವೇ ಹೆಚ್ಚು. ಆದರೆ ಈ ನಿಯಮ, ವಿದ್ಯಾರ್ಥಿ ಬೇರೆ ಕಡೆ ಕಾಲಿಟ್ಟರೆ ದ್ರೋಹ ಎಂಬ ಭಾವನೆಯಾಗಿ ಬೆಳೆದಾಗ ನಿಯಮಾಗ್ರಹವಾಗುತ್ತದೆ, ಮತ್ತು ಅದು ಹಾಗೆ ಬೆಳೆದ ಶಾಲೆಗಳಿವೆ. ಪದ್ಧತಿಯೇ ಆಸ್ತಿ ಎಂಬ ಕಲ್ಪನೆ ಇನ್ನೊಂದು ತುದಿ: ಬಿಸಿಕೋಣೆಯಲ್ಲಿ ಮಾಡುವ 26 ಆಸನಗಳ ತಮ್ಮ ಸರಣಿಗೆ ಕೃತಿಸ್ವಾಮ್ಯ ಬೇಕೆಂದು ಬಿಕ್ರಂ ಚೌಧುರಿ ಅಮೆರಿಕದಲ್ಲಿ ಹೋರಾಡಿದರು, ಅಂಥ ಸರಣಿಗೆ ಕೃತಿಸ್ವಾಮ್ಯ ಸಲ್ಲದು ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2015ರಲ್ಲಿ ತೀರ್ಪು ಕೊಟ್ಟಿತು.

ಎಲ್ಲವನ್ನೂ ಸಮಾನವಾಗಿ ಒಪ್ಪಿಕೊಳ್ಳಬೇಕು ಎಂಬುದೂ ಮುಕ್ತತೆಯ ಅರ್ಥವಲ್ಲ. ಗಾಯವಾದಾಗ ನಿನ್ನ ಅಹಂಕಾರ ಕರಗುತ್ತಿದೆ ಎಂದು ಸಮಾಧಾನ ಹೇಳುವ ಶಿಕ್ಷಕರನ್ನು, ಒಪ್ಪಿಗೆ ಕೇಳದೆ ಮೈಮೇಲೆ ಭಾರ ಹಾಕಿ ತಿದ್ದುವ ರೂಢಿಯನ್ನು, ಕ್ಯಾನ್ಸರ್ ವಾಸಿಯಾಗುತ್ತದೆ ಎಂದು ಭರವಸೆ ಕೊಡುವ ಶಿಬಿರಗಳನ್ನು ಶೈಲಿಯ ಭೇದ ಎಂದು ಸಹಿಸಿಕೊಳ್ಳಬೇಕಾದ ಅಗತ್ಯವಿಲ್ಲ. ಮುಟ್ಟಿ ತಿದ್ದುವ ವಿಷಯದಲ್ಲಿ ಕಳೆದ ಕೆಲವು ವರ್ಷಗಳಲ್ಲಿ ಗಂಭೀರ ದೂರುಗಳು ಬಂದ ಮೇಲೆ, ಹಲವು ಶಾಲೆಗಳು ಮೊದಲೇ ಅನುಮತಿ ಕೇಳುವ ಕ್ರಮವನ್ನು ತಂದಿವೆ.

ಆರೋಗ್ಯದ ದೃಷ್ಟಿಯಿಂದ ಯಾವುದಾದರೂ ಒಂದು ಪದ್ಧತಿ ಮೇಲೆಂದು ವಿಜ್ಞಾನ ಹೇಳುತ್ತದೆಯೇ ಎಂಬ ಕುತೂಹಲವೂ ಇರಬಹುದು. 2016ರಲ್ಲಿ ಪ್ರಕಟವಾದ ಒಂದು ವಿಮರ್ಶೆ, ಯೋಗದ ಮೇಲೆ ನಡೆದ 300ಕ್ಕೂ ಹೆಚ್ಚು ಯಾದೃಚ್ಛಿಕ ಪ್ರಯೋಗಗಳನ್ನು, ಎಂದರೆ ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುವ ಪ್ರಯೋಗಗಳನ್ನು, ಒಟ್ಟುಗೂಡಿಸಿ ನೋಡಿತು. ಅವುಗಳಲ್ಲಿ ಐವತ್ತರಷ್ಟು ಬೇರೆ ಬೇರೆ ಶೈಲಿಗಳು ಬಳಕೆಯಾಗಿದ್ದವು. ಅನುಕೂಲಕರ ಫಲಿತಾಂಶ ಬರುವ ಸಂಭವದಲ್ಲಿ ಶೈಲಿಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಇದರಿಂದ ಎಲ್ಲವೂ ಒಂದೇ ಎಂದು ತೀರ್ಮಾನಿಸುವುದು ಅವಸರವಾದೀತು. ಇಂಥ ಪ್ರಯೋಗಗಳು ಸಾಮಾನ್ಯವಾಗಿ ಕೆಲವು ವಾರ ಅಥವಾ ತಿಂಗಳುಗಳವು, ಹೊಸಬರ ಮೇಲೆ ನಡೆಯುವಂಥವು. ಇಪ್ಪತ್ತು ವರ್ಷದ ಅಭ್ಯಾಸ ಏನು ಮಾಡುತ್ತದೆ ಎಂಬುದನ್ನು ಅವು ಅಳೆಯುವುದಿಲ್ಲ. ಆದರೂ, ನಡುವಯಸ್ಸಿನ ಬೆನ್ನುನೋವಿಗೆ ನಮ್ಮ ಪದ್ಧತಿ ಮಾತ್ರವೇ ಮದ್ದು ಎಂದು ಸಾರುವವರಿಗೆ ಇದು ತಡೆಯಾದೀತು. ಮನೆಯ ಹತ್ತಿರ ಇರುವ, ಸಮಯಕ್ಕೆ ಹೊಂದುವ, ನಂಬಿಕೆ ಬರುವಂಥ ಶಿಕ್ಷಕರಿರುವ ಶಾಲೆಯನ್ನು ಆರಿಸಿಕೊಂಡು ಅಲ್ಲಿ ಕೆಲವು ವರ್ಷ ಉಳಿಯುವುದು ಹೊಸಬರಿಗೆ ಸಾಕು. ಕೇಂದ್ರ ಆಯುಷ್ ಸಚಿವಾಲಯ ಜೂನ್ 21ರ ಯೋಗ ದಿನಕ್ಕೆಂದು ಬೇರೆ ಬೇರೆ ಪರಂಪರೆಗಳ ಹಿರಿಯರನ್ನು ಕೂಡಿಸಿ ರೂಪಿಸಿದ ಸಾಮಾನ್ಯ ಯೋಗಕ್ರಮ ಎಲ್ಲರೂ ಒಪ್ಪಬಹುದಾದ ಕನಿಷ್ಠವನ್ನು ಕೊಡುತ್ತದೆ. ಕನಿಷ್ಠವೇ ಆದುದರಿಂದ ಯಾವ ಪರಂಪರೆಯ ಆಳವೂ ಅದರಲ್ಲಿಲ್ಲ, ಅದನ್ನು ನಿರೀಕ್ಷಿಸುವುದೂ ಸರಿಯಲ್ಲ.

ಪದ್ಧತಿಗಳ ನಡುವಿನ ಗೋಡೆ ಎಷ್ಟು ತಡವಾಗಿ ಎದ್ದದ್ದು ಎಂಬುದನ್ನು ನೋಡಲು ಬಯಸುವವರಿಗೆ, 1938ರಲ್ಲಿ ಮೈಸೂರಿನಲ್ಲಿ ತೆಗೆದ ಮೂಕಚಿತ್ರವೊಂದು ಉಳಿದುಕೊಂಡಿದೆ. ಅದರಲ್ಲಿ ಐವತ್ತರ ಆಸುಪಾಸಿನ ಕೃಷ್ಣಮಾಚಾರ್ಯರು ಆಸನ ಮಾಡುತ್ತಾರೆ, ಹಾಗೆಯೇ ಇಪ್ಪತ್ತರ ಹತ್ತಿರದ, ಪಕ್ಕೆಲುಬು ಎಣಿಸುವಂತಿರುವ ತರುಣನೊಬ್ಬನೂ. ಆ ತರುಣ ಕೈಗಳ ಮೇಲೆ ಮೈಯೆತ್ತಿ, ಹಿಂದಕ್ಕೆ ಜಿಗಿದು, ಮುಂದಕ್ಕೆ ಜಿಗಿದು, ಒಂದು ಆಸನದಿಂದ ಇನ್ನೊಂದಕ್ಕೆ ಎಲ್ಲಿಯೂ ನಿಲ್ಲದೆ ಹಾಯುತ್ತಾನೆ. ಹೆಸರು ಹೇಳದೆ ತೋರಿಸಿದರೆ ಇಂದಿನ ಅಭ್ಯಾಸಿಗಳಲ್ಲಿ ಹೆಚ್ಚಿನವರು ಇದು ಪಟ್ಟಾಭಿ ಜೋಯಿಸರ ಎರಡನೆಯ ಸರಣಿಯಂತಿದೆ, ಅವರ ಶಿಷ್ಯನೇ ಇರಬೇಕು ಎಂದಾರು. ಆ ತರುಣ ಬೆಳ್ಳೂರಿನ ಅಯ್ಯಂಗಾರರು.